ಕ್ರಮ ಬದಲಾದರೆ ಲೆಕ್ಕವೂ ಬದಲು

ಹಾಲು ಕಾಯಿಸಿ, ಆರಿಸಿ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರು ಸಿದ್ಧ. ಮೊದಲೇ ಹೆಪ್ಪು ಬೆರೆಸಿಟ್ಟು ಆಮೇಲೆ ಕಾಯಿಸಿದರೆ ಹಾಲು ಒಡೆದೀತು. ಕೆಲಸಗಳು ಅವೇ, ಕ್ರಮ ಮಾತ್ರ ಬೇರೆ. ಶಾಲೆಯ ಲೆಕ್ಕದಲ್ಲಿ ಈ ತೊಂದರೆ ಇಲ್ಲ. ಮೂರೈದಾದರೂ ಐದ್ಮೂರಾದರೂ ಹದಿನೈದೇ. ಆದರೆ ಪರಮಾಣುಗಳ ಲೋಕದಲ್ಲಿ ಎರಡು ಅಳತೆಗಳ ಪೈಕಿ ಯಾವುದನ್ನು ಮೊದಲು ಮಾಡಿದೆವು ಎಂಬುದರ ಮೇಲೆ ಫಲಿತಾಂಶವೇ ಬದಲಾಗಬಹುದು. ಅಂಥ ಲೋಕಕ್ಕೆ ತಕ್ಕ ಸಂಭವನೀಯತೆಯ ಗಣಿತ ಯಾವುದು? ಈ ಪ್ರಶ್ನೆಗೆ ದಶಕಗಳ ದುಡಿಮೆಯನ್ನು ಮೀಸಲಿಟ್ಟವರು ಕೆ. ಆರ್. ಪಾರ್ಥಸಾರಥಿ.

ಅವರು ಹುಟ್ಟಿದ್ದು 1936ರಲ್ಲಿ, ಮದರಾಸಿನಲ್ಲಿ. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದವರು ನಮ್ಮ ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್. ಜೊತೆಗಾರರು ರಂಗರಾವ್, ವರದರಾಜನ್ ಮತ್ತು 2007ರಲ್ಲಿ ಏಬಲ್ ಪ್ರಶಸ್ತಿ ಪಡೆದ ವರದನ್. ಡಾಕ್ಟರೇಟ್ ಬಳಿಕ ಪಾರ್ಥಸಾರಥಿ ಮಾಸ್ಕೊಗೆ ಹೋದರು. ಸಂಭವನೀಯತಾ ಶಾಸ್ತ್ರಕ್ಕೆ 1933ರಲ್ಲಿ ಭದ್ರ ತಳಹದಿ ಹಾಕಿದ ಕೊಲ್ಮೊಗೊರೊವ್ ಇದ್ದ ಊರು ಅದು. ಆಮೇಲೆ ಕೆಲವು ವರ್ಷ ಇಂಗ್ಲೆಂಡ್. ತಾಯ್ನಾಡಿಗೆ ಮರಳಿ, 1976ರಿಂದ ಅದೇ ಸಂಸ್ಥೆಯ ದೆಹಲಿ ಕೇಂದ್ರದಲ್ಲಿ ನೆಲೆಸಿದರು.

ಅವರ ಮುಖ್ಯ ಸಾಧನೆಯನ್ನು ತಿಳಿಯಲು ಪಿಯುಸಿಯ ಕಲನಶಾಸ್ತ್ರ ಸಾಕು. ತೀರ ಸಣ್ಣ ಸಂಖ್ಯೆಯ ವರ್ಗ ಇನ್ನೂ ಸಣ್ಣದು, ಅದನ್ನು ಬಿಟ್ಟುಬಿಡಬಹುದು ಎಂದು ಅಲ್ಲಿ ಕಲಿಸುತ್ತಾರೆ. 0.001ರ ವರ್ಗ 0.000001 ಅಷ್ಟೆ. ಆದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಕಣವೊಂದು ಅಣುಗಳ ಏಟಿಗೆ ಅತ್ತಿತ್ತ ಓಲಾಡುವಾಗ ಈ ನಿಯಮ ಕೈಕೊಡುತ್ತದೆ. ಅದು ಸಾಗುವ ಸರಾಸರಿ ದೂರ ಇಮ್ಮಡಿಯಾಗಬೇಕಾದರೆ ನಾಲ್ಕು ಪಟ್ಟು ಕಾಲ ಬೇಕು. ಅಂದರೆ ದೂರದ ವರ್ಗವೇ ಕಾಲದ ಅಳತೆ. ಅದನ್ನು ಬಿಟ್ಟರೆ ಕಾಲವನ್ನೇ ಬಿಟ್ಟಂತೆ. ಬಿಡದೆ ಲೆಕ್ಕ ಹಾಕುವ ಬಗೆಯನ್ನು 1940ರ ದಶಕದಲ್ಲಿ ತೋರಿಸಿದವರು ಜಪಾನಿನ ಇಟೊ.

ಕ್ವಾಂಟಂ ಲೋಕಕ್ಕೆ ಇಂಥದೇ ನಿಯಮವನ್ನು ಪಾರ್ಥಸಾರಥಿ ಮತ್ತು ಇಂಗ್ಲೆಂಡಿನ ರಾಬಿನ್ ಹಡ್ಸನ್ 1984ರಲ್ಲಿ ಪ್ರಕಟಿಸಿದರು. ಅದರ ತಿರುಳನ್ನು ಒಂದು ಖಾಲಿ ಕಾಸಿನ ಡಬ್ಬಿಯಿಂದ ತಿಳಿಯಬಹುದು. ಮೊದಲು ಒಂದು ಕಾಸು ಹಾಕಿ ಆಮೇಲೆ ತೆಗೆದರೆ ಕೈಗೆ ಕಾಸು ಬರುತ್ತದೆ. ಮೊದಲೇ ತೆಗೆಯಲು ಹೋದರೆ ಸಿಗುವುದು ಸೊನ್ನೆ. ಬೆಳಕಿನ ಕಣಗಳನ್ನು ಸೇರಿಸುವ ಮತ್ತು ತೆಗೆಯುವ ಕ್ರಿಯೆಗಳೂ ಹೀಗೆಯೇ. ಒಂದು ಕ್ರಮದಲ್ಲಿ ಗುಣಿಸಿದರೆ ಕಾಲ ಉಳಿಯುತ್ತದೆ, ಇನ್ನೊಂದು ಕ್ರಮದಲ್ಲಿ ಏನೂ ಉಳಿಯದು. ಸುತ್ತಲೂ ಶಾಖವಿದ್ದರೆ ಡಬ್ಬಿ ಖಾಲಿಯಿರದು. ಆಗ ಎರಡೂ ಕ್ರಮಗಳಲ್ಲಿ ಉತ್ತರ ಬರುತ್ತದೆ, ಆದರೆ ಒಂದೇ ಉತ್ತರವಲ್ಲ.

ಇದರಿಂದ ಇನ್ನೊಂದು ಅಚ್ಚರಿಯೂ ಹೊರಬಿತ್ತು. ಕಣದ ಎಡೆಬಿಡದ ಓಲಾಟ, ಗೈಗರ್ ಯಂತ್ರದ ಟಿಕ್ ಟಿಕ್‌ನಂಥ ಹಠಾತ್ ನೆಗೆತ, ಇವೆರಡನ್ನೂ ಹಳೆಯ ಶಾಸ್ತ್ರ ಬೇರೆ ಬೇರೆಯಾಗಿ ನೋಡುತ್ತಿತ್ತು. ಹೊಸ ಗಣಿತದಲ್ಲಿ ಎರಡೂ ಒಂದೇ ಮೂಲಸಾಮಗ್ರಿಯಿಂದ ಹುಟ್ಟುತ್ತವೆ.

ಪರಮಾಣುವೊಂದು ಸುತ್ತಲಿನ ಬೆಳಕಿನೊಡನೆ ಹೇಗೆ ಒಡನಾಡುತ್ತದೆ, ಅದರ ಶಕ್ತಿ ಹೇಗೆ ಸೋರಿಹೋಗುತ್ತದೆ ಎಂದು ಲೆಕ್ಕಹಾಕಲು ಹಡ್ಸನ್–ಪಾರ್ಥಸಾರಥಿ ಸಮೀಕರಣ ಈಗ ನೆರವಾಗುತ್ತಿದೆ. ಕ್ವಾಂಟಂ ಸಾಧನಗಳನ್ನು ಹತೋಟಿಯಲ್ಲಿಡುವ ಎಂಜಿನಿಯರುಗಳಿಗೂ ಅದು ಬೇಕು. ನಿವೃತ್ತರಾದ ಮೇಲೂ ಪಾರ್ಥಸಾರಥಿ ಕ್ವಾಂಟಂ ಮಾಹಿತಿ ವಿಜ್ಞಾನದಲ್ಲಿ ಕೆಲಸ ಮುಂದುವರಿಸಿದರು. 2023ರಲ್ಲಿ ನಿಧನರಾದರು.

‘ಇದನ್ನು ಬಿಟ್ಟುಬಿಡಬಹುದು’ ಎಂದು ಪಠ್ಯಪುಸ್ತಕ ಹೇಳಿದಾಗ ಪರೀಕ್ಷೆಗೆ ಓದುವವರು ಬಿಟ್ಟು ಮುಂದೆ ಸಾಗುತ್ತಾರೆ. ಅಂಕಗಳಿಗೆ ಅಷ್ಟು ಸಾಕು. ಯಾವಾಗ ಬಿಡಬಾರದು ಎಂದು ಮಗುವೊಂದು ಕೇಳಿದರೆ, ಮನೆಯಲ್ಲಾಗಲಿ ತರಗತಿಯಲ್ಲಾಗಲಿ, ಆ ಪ್ರಶ್ನೆಯನ್ನು ಗದರಿಸಿ ಕೂರಿಸದಿರುವುದು ಮೇಲು.