ಸಬ್ಬಕ್ಕಿಯ ನೆಲಕ್ಕೆ ಪೊಟ್ಯಾಷ್ ಬೇಕು

ಕೈ ಬಿಗಿಯಾದಾಗ ರೈತ ಮೊದಲು ಬಿಡುವ ಗೊಬ್ಬರ ಪೊಟ್ಯಾಷ್. ಅದಕ್ಕೆ ಅವನನ್ನು ದೂರುವಂತಿಲ್ಲ. 2010ರ ಏಪ್ರಿಲ್‌ನಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಜಾರಿಯಾದ ಮೇಲೆ ಪೊಟ್ಯಾಷ್ ಬೆಲೆ ಗಗನಕ್ಕೇರಿತು. ಯೂರಿಯಾ ಮಾತ್ರ ಸರ್ಕಾರ ಕಟ್ಟಿದ ಅಗ್ಗದ ದರದಲ್ಲೇ ಉಳಿಯಿತು. ಯೂರಿಯಾ ಬಿದ್ದ ಕೆಲವೇ ದಿನಗಳಲ್ಲಿ ಎಲೆ ಕಡುಹಸಿರಾಗುತ್ತದೆ, ಪೊಟ್ಯಾಷ್‌ನ ಕೆಲಸ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಸೇಲಂ, ಧರ್ಮಪುರಿ ಜಿಲ್ಲೆಗಳ ಮರಗೆಣಸಿಗೆ ಈ ಉಳಿತಾಯ ಬಲು ದುಬಾರಿ. ಎಲೆಯಲ್ಲಿ ತಯಾರಾದ ಸಕ್ಕರೆ ಗೆಡ್ಡೆಗಿಳಿದು ಪಿಷ್ಟವಾಗಲು ಪೊಟ್ಯಾಷ್ ಗೊಬ್ಬರದಲ್ಲಿರುವ ಪೊಟ್ಯಾಸಿಯಂ ಬೇಕೇ ಬೇಕು. ಅದು ಸಾಲದ ನೆಲದಲ್ಲಿ ಗೆಡ್ಡೆಯ ತೂಕದೊಂದಿಗೆ ಪಿಷ್ಟವೂ ಇಳಿಯುತ್ತದೆ, ಸಯನೈಡ್ ಅಂಶ ಏರುತ್ತದೆ. ಈ ಪಿಷ್ಟದಿಂದ ಸಬ್ಬಕ್ಕಿ ಮಾಡುವ ಸೇಲಂನ ಕಾರ್ಖಾನೆಗಳು ದರ ಕಟ್ಟುವುದು ಗೆಡ್ಡೆಯ ಪಿಷ್ಟ ಅಳೆಯುವ ‘ಪಾಯಿಂಟ್’ ನೋಡಿ; ಹಾಗಾಗಿ ರೈತನಿಗೆ ತೂಕದಲ್ಲೂ ಪೆಟ್ಟು, ದರದಲ್ಲೂ ಪೆಟ್ಟು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ನೀರಾವರಿ ಮರಗೆಣಸಿಗೆ ಹೆಕ್ಟೇರಿಗೆ 90 ಕೆ.ಜಿ. ಸಾರಜನಕ, 240 ಕೆ.ಜಿ. ಪೊಟ್ಯಾಷ್ ಶಿಫಾರಸು ಮಾಡಿರುವುದು ಸುಮ್ಮನೆ ಅಲ್ಲ.

ಪೊಟ್ಯಾಷ್ ಹಾಕಿದರೂ ಇಳುವರಿ ಏರುವುದಿಲ್ಲ ಎಂಬ ವಾದಕ್ಕೆ ಬಲವಾದ ಆಧಾರವೇ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಯೋಗಗಳನ್ನು ಪರಿಶೀಲಿಸಿ ಬಹುಪಾಲು ಆ ತೀರ್ಮಾನಕ್ಕೇ ಬಂದರು. ಅದನ್ನು ತಳ್ಳಿಹಾಕಬೇಕಿಲ್ಲ, ಎಲ್ಲಿಗೆ ಸಲ್ಲುತ್ತದೆಂದು ನೋಡಬೇಕು. ಅಲ್ಲಿನ ಜೇಡಿ ಖನಿಜಗಳು ಒಳಗಿನ ಪೊಟ್ಯಾಸಿಯಂ ಅನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಮೆಕ್ಕೆಜೋಳದ ದಂಟು ಹೊಲದಲ್ಲೇ ಉಳಿದು ಅದನ್ನು ಮಣ್ಣಿಗೆ ಮರಳಿಸುತ್ತದೆ. ನಮ್ಮ ಹಗುರ ಕೆಂಪು ಮಣ್ಣಿನಲ್ಲಿ ಅಂಥ ದಾಸ್ತಾನು ಕಡಿಮೆ. ರಾಗಿ ಹೀರಿದ ಪೊಟ್ಯಾಸಿಯಂನ ಹೆಚ್ಚಿನ ಪಾಲು ಹುಲ್ಲಿನಲ್ಲಿರುತ್ತದೆ, ಆ ಹುಲ್ಲು ಬಣವೆಗೆ ಹೋಗುತ್ತದೆ. ಮರಗೆಣಸು ಹೀರಿದ್ದಂತೂ ಗೆಡ್ಡೆಯ ಜೊತೆಗೇ ಲಾರಿ ಹತ್ತುತ್ತದೆ.

ಕೊಟ್ಟಿಗೆ ಗೊಬ್ಬರ ಸಾಲದೇ ಎಂದು ಕೇಳುವವರ ಕಾಳಜಿ ಸರಿಯಾದದ್ದೇ. ಮಣ್ಣಿಗೆ ಅದು ಕೊಡುವುದನ್ನು ಚೀಲದ ಗೊಬ್ಬರ ಕೊಡಲಾರದು. ಆದರೆ ಅದರಲ್ಲಿ ಪೊಟ್ಯಾಷ್ ಸುಮಾರು ಶೇ. 0.5. ಐದು ಟನ್ ಹಾಕಿದರೂ ಸಿಗುವುದು 25 ಕೆ.ಜಿ. ಉಳಿದದ್ದನ್ನು ಚೀಲದಿಂದಲೇ ತುಂಬಬೇಕು, ಅದೂ ಎರಡು ಕಂತಿನಲ್ಲಿ. ಮರಳು ಮಿಶ್ರಿತ ನೆಲದಲ್ಲಿ ಒಮ್ಮೆಗೇ ಸುರಿದರೆ ನೀರಿನೊಂದಿಗೆ ಇಳಿದುಹೋಗುತ್ತದೆ. ಪೊಟ್ಯಾಷ್‌ಗೆ ನಾವು ಆಮದನ್ನೇ ನೆಚ್ಚಿರುವುದರಿಂದ ಎಲ್ಲ ಹೊಲಕ್ಕೂ ಹಂಚುವ ಮಾತು ವ್ಯರ್ಥ. ಮಣ್ಣು ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಹೆಕ್ಟೇರಿಗೆ 118 ಕೆ.ಜಿ.ಗಿಂತ ಕಡಿಮೆ ಬಂದ ಮರಗೆಣಸಿನ ಹೊಲಗಳಿಗೆ ಸರ್ಕಾರ ಮೊದಲು ಹೆಚ್ಚುವರಿ ಸಬ್ಸಿಡಿ ಕೊಡಲಿ, ಯೂರಿಯಾಕ್ಕೆ ಸುರಿಯುವ ಹಣದಲ್ಲೇ ಒಂದು ಪಾಲು ತೆಗೆದು.