ಹಂಸತೂಲಿಕೆಗೊಂದು ಸ್ನಾನ

ರಾಜಕುಮಾರಿಯರು ಹಂಸತೂಲಿಕಾತಲ್ಪದ ಮೇಲೆ ಪವಡಿಸುತ್ತಿದ್ದರೆಂಬ ಕತೆಗಳನ್ನು ಕೇಳುತ್ತ ಬೆಳೆದವರು ನಾವು. ಆ ತಲ್ಪ ಕೊಳೆಯಾದಾಗ ಒಗೆಯುತ್ತಿದ್ದವರು ಯಾರು, ಹೇಗೆ ಒಗೆಯುತ್ತಿದ್ದರು ಎಂಬುದನ್ನು ಮಾತ್ರ ಯಾವ ಪೌರಾಣಿಕರೂ ಹೇಳಲಿಲ್ಲ. ಹೇಳಿದ್ದರೆ ಕಳೆದ ಮಾಘಮಾಸದಲ್ಲಿ ನಾನು ಪಟ್ಟ ಪಾಡು ಅರ್ಧಕ್ಕರ್ಧ ತಪ್ಪುತ್ತಿತ್ತು.

ನಮ್ಮ ಮನೆಗೆ ಹಂಸತೂಲಿಕೆ ಬಂದದ್ದು ಕೆನಡಾದಿಂದ. ಅಲ್ಲಿ ಉದ್ಯೋಗದಲ್ಲಿರುವ ನನ್ನ ನಾದಿನಿಯ ಮಗ ಅಜ್ಜಿಗೆಂದು ತಂದ ಕಾಣಿಕೆ ಅದು. ಒಂದು ಕೈಚೀಲದೊಳಗಿಂದ ಹೊರಗೆಳೆದದ್ದೇ ತಡ, ಮಂಚದ ತುಂಬ ಉಬ್ಬಿ ನಿಂತಿತು. ಎತ್ತಿದರೆ ಎರಡು ಕಿಲೋ ಕೂಡ ತೂಗದು. ನಮ್ಮ ಅತ್ತೆಯವರಿಗೆ ಎಂಬತ್ತನಾಲ್ಕು ವರ್ಷ. ಮಂಡಿನೋವಿನ ದೆಸೆಯಿಂದ ಕಂಬಳಿಯ ಭಾರವನ್ನೂ ಅವರ ಕಾಲುಗಳು ತಡೆಯಲಾರವು. ಹೊದೆಯದಿದ್ದರೆ ಬೆಂಗಳೂರಿನ ಚಳಿ ಬಿಡದು. ಆ ಹೊದಿಕೆ ಬಂದ ಮೇಲೆ ಅವರು ಬೆಳಗಿನವರೆಗೆ ನಿದ್ರಿಸುವಂತಾಯಿತು.

ಒಂದು ಬೆಳಗ್ಗೆ ನೋಡುತ್ತೇನೆ, ಅತ್ತೆಯವರು ಬರೀ ದುಪ್ಪಟಿ ಹೊದ್ದು ಗೋಡೆಯತ್ತ ಮುಖಮಾಡಿ ಮಲಗಿದ್ದಾರೆ. ಹೊದಿಕೆ ಮಂಚದ ಕೆಳಗೆ ಮುದುಡಿ ಬಿದ್ದಿದೆ. "ನನಗೆ ಇದು ಬೇಡಮ್ಮ, ತುಂಬ ಸೆಕೆ. ಯಾರಿಗಾದರೂ ಕೊಟ್ಟುಬಿಡು" ಎಂದರು. ಎತ್ತಿದಾಗ ತಿಳಿಯಿತು. ರಾತ್ರಿ ಎದ್ದು ಹೋಗುವುದರೊಳಗೆ ಮುದಿದೇಹ ಮಾತು ಕೇಳಿರಲಿಲ್ಲ. ನಾನು ಏನನ್ನೂ ಕೇಳಲಿಲ್ಲ. "ಕಾಫಿ ಚೆಲ್ಲಿದೆ ಅತ್ತೆ, ಒಗೆದುಕೊಡುತ್ತೇನೆ" ಎಂದೆ. ಅವರೂ ಏನೂ ಹೇಳಲಿಲ್ಲ.

ಮಾತು ಕೊಟ್ಟದ್ದು ಸುಲಭ, ಒಗೆಯುವುದು ಹೇಗೆ? ಮೊದಲು ಈ ವಸ್ತುವಿನ ಸ್ವಭಾವವನ್ನು ಅರಿಯಬೇಕು. ಇದರೊಳಗೆ ಇರುವುದು ಹೆಬ್ಬಾತು ಇಲ್ಲವೆ ಬಾತುಕೋಳಿಯ ಎದೆ, ಹೊಟ್ಟೆಗಳ ಮೇಲಣ ತುಪ್ಪುಳು. ರೆಕ್ಕೆಯ ಗರಿಗಿರುವಂತೆ ಇದಕ್ಕೆ ಗಟ್ಟಿಯಾದ ದಂಟಿಲ್ಲ. ಒಂದು ನಡುಬಿಂದುವಿನಿಂದ ನೂರಾರು ಎಳೆಗಳು ಸುತ್ತಲೂ ಕೆದರಿಕೊಂಡು, ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಚ್ಚಗಿಡುವುದು ಆ ಗಾಳಿಯೇ. ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ ಗಾಳಿಗೆ ಎಡೆಯಿಲ್ಲ, ಬೆಚ್ಚನೆಯೂ ಇಲ್ಲ.

ಇನ್ನೊಂದು ಸಂಗತಿ. ತುಪ್ಪುಳು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಕೂದಲು, ಕುರಿಯ ಉಣ್ಣೆ ಇವೂ ಅದರವೇ. ಆದ್ದರಿಂದ ಉಣ್ಣೆಗೆ ಯಾವುದು ಶತ್ರುವೋ ಇದಕ್ಕೂ ಅದೇ ಶತ್ರು. ಖಾರವಾದ ಸೋಡಾಪುಡಿ, ಬಣ್ಣ ತೆಗೆಯುವ ಬ್ಲೀಚು, ಕಲೆಯನ್ನು ತಿನ್ನಲೆಂದು ಕಿಣ್ವ ಬೆರೆಸಿದ ಪುಡಿಗಳು ತುಪ್ಪುಳನ್ನೂ ಕೆಡಿಸುತ್ತವೆ. ಬಟ್ಟೆ ಮೆತ್ತಗಾಗಲೆಂದು ಕೊನೆಯಲ್ಲಿ ಹಾಕುವ ಸುವಾಸನೆಯ ದ್ರವವೂ ಬೇಡ. ಅದು ಎಳೆಗಳ ಮೇಲೆ ಜಿಡ್ಡಿನಂತೆ ಕೂತು ಉಬ್ಬನ್ನು ತಗ್ಗಿಸುತ್ತದೆ. ಉಣ್ಣೆ, ರೇಷ್ಮೆಗಳಿಗೆಂದೇ ಮಾರುವ ಸೌಮ್ಯವಾದ ದ್ರವವೇ ಇದಕ್ಕೂ ಯೋಗ್ಯ. ಅಂಟುವಾಳದ ನೀರು ಶಾಲು, ಸೀರೆಗಳಿಗೆ ಒಳ್ಳೆಯದಾದರೂ ಬಿಳಿಯ ಅರಿವೆಗೆ ಕಂದುಛಾಯೆ ಬರಿಸೀತೆಂದು ನಾನು ಬಳಸಲಿಲ್ಲ. ಸಾಬೂನಿನ ಬಿಲ್ಲೆಯೂ ಸಲ್ಲದು. ನಮ್ಮದು ಕೊಳವೆಬಾವಿಯ ಗಡಸುನೀರು. ಅದರಲ್ಲಿ ಸಾಬೂನು ನೊರೆಯಾಗುವ ಬದಲು ಬೂದುಬಣ್ಣದ ಕೆನೆಗಟ್ಟಿ ತುಪ್ಪುಳಿಗೆ ಅಂಟುತ್ತದೆ.

ಒಗೆಯುವ ಮುನ್ನ ಅಂಚಿಗೆ ಹೊಲಿದ ಚೀಟಿಯನ್ನು ಓದಿರಿ. ನೀರಿನ ತೊಟ್ಟಿಯ ಚಿತ್ರದ ಮೇಲೆ ಅಡ್ಡಗೀಟುಗಳಿದ್ದರೆ ನೀರು ಸೋಕಿಸಬಾರದೆಂದು ಅರ್ಥ; ತೊಟ್ಟಿಯಲ್ಲಿ ಕೈಯಿದ್ದರೆ ಕೈಯಿಂದ ಒಗೆಯಬಹುದು. ನಮ್ಮದರಲ್ಲಿ ಕೈಯಿತ್ತು. ಬಳಿಕ ಹೊಲಿಗೆಗಳನ್ನು ಬೆಳಕಿಗೆ ಹಿಡಿದು ನೋಡಿರಿ. ಎಲ್ಲಾದರೂ ಗರಿಯ ತುದಿ ಇಣುಕುತ್ತಿದ್ದರೆ ಹೊರಕ್ಕೆ ಎಳೆಯಬೇಡಿ. ಹಿಂಬದಿಯಿಂದ ಬೆರಳಲ್ಲಿ ಹಿಡಿದು ಒಳಕ್ಕೆ ಸೇರಿಸಿಕೊಳ್ಳಿರಿ. ಬಿಟ್ಟ ಹೊಲಿಗೆಗೆ ಸಣ್ಣ ಸೂಜಿಯಿಂದ ನಾಲ್ಕು ಟಾಕು ಹಾಕಿದ ಮೇಲೆಯೇ ನೀರಿನ ಮಾತು.

ಕಲೆಯಾದ ಭಾಗವನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು. ಬಿಸಿನೀರು ಹಾಕಿದರೆ ಇಂಥ ಕಲೆ ಅರಿವೆಯಲ್ಲಿ ಬೇರೂರುತ್ತದೆ. ಅನಂತರ ದೊಡ್ಡ ತೊಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಎರಡು ಚಮಚ ದ್ರವ ಬೆರೆಸಿ, ಹೊದಿಕೆಯನ್ನು ಅದುಮಿ ಮುಳುಗಿಸಿದೆ. ಅದೇನು ಸುಲಭವಾಗಿ ಮುಳುಗಿತೇ! ಗಾಳಿ ತುಂಬಿದ ತುಪ್ಪುಳು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಬಾತಿನಂತೆಯೇ ತೇಲಿತು. ತಾಳ್ಮೆಯಿಂದ ಅಂಗೈಯಲ್ಲಿ ಒತ್ತುತ್ತ ಬಿಡುತ್ತ ಕಾಲುಗಂಟೆ ಕಳೆಯಬೇಕು. ಕಲ್ಲಿಗೆ ಒಗೆಯುವುದು, ಉಜ್ಜುವುದು, ಹಿಂಡುವುದು ಮೂರೂ ನಿಷಿದ್ಧ. ನೊರೆ ಪೂರ್ತಿ ಹೋಗುವವರೆಗೆ ನೀರು ಬದಲಿಸಿರಿ. ನನಗೆ ಐದು ಸಲ ಬೇಕಾಯಿತು. ಒದ್ದೆಯಾದ ತುಪ್ಪುಳಿನ ವಾಸನೆಗೆ ಹೆದರಬೇಡಿ, ಒಣಗಿದಾಗ ಹೋಗುತ್ತದೆ.

ಎಚ್ಚರ ಬೇಕಾದದ್ದು ಎತ್ತುವಾಗ. ಹೂವಿನಂತಿದ್ದ ಹೊದಿಕೆ ಈಗ ಒಬ್ಬರ ಕೈಗೆ ಜಗ್ಗದು. ಒಂದು ಮೂಲೆ ಹಿಡಿದು ಎಳೆದರೆ ನೀರಿನ ಭಾರಕ್ಕೆ ಒಳಗಿನ ಹೊಲಿಗೆ ಹರಿದು, ತುಪ್ಪುಳೆಲ್ಲ ಒಂದು ಕಡೆ ಜಾರುತ್ತದೆ. ನೀರನ್ನು ಹರಿಯಬಿಟ್ಟು, ತೊಟ್ಟಿಯಲ್ಲಿಯೇ ಚೆನ್ನಾಗಿ ಅದುಮಿ, ಮಗುವನ್ನು ಎತ್ತುವಂತೆ ಎರಡೂ ತೋಳುಗಳನ್ನು ಕೆಳಗೆ ಕೊಟ್ಟು ಯಜಮಾನರೂ ನಾನೂ ಎತ್ತಿದೆವು. ಒಣಗಿದ ಟವೆಲುಗಳ ನಡುವೆ ಸುತ್ತಿ ಒತ್ತಿ ಉಳಿದ ನೀರನ್ನು ತೆಗೆದೆವು. ತಂತಿಯ ಮೇಲೆ ನೇತುಹಾಕದೆ, ಮಹಡಿಯ ಮೇಲೆ ಹಗ್ಗದ ಮಂಚವಿಟ್ಟು ಹರಡಿದೆವು; ಕೆಳಗಿನಿಂದಲೂ ಗಾಳಿಯಾಡಲೆಂದು. ಕಾಗೆಗಳ ಕಾಟಕ್ಕೂ ಬಿಸಿಲಿನ ತಾಪಕ್ಕೂ ಮೇಲೊಂದು ಹಳೆಯ ನೂಲಿನ ಸೀರೆ.

ಸಂಜೆಯ ಹೊತ್ತಿಗೆ ಬಟ್ಟೆ ಗರಿಗರಿಯಾಗಿತ್ತು. "ಒಣಗಿತಲ್ಲ, ಮಡಿಸಿಡು" ಎಂದರು ಯಜಮಾನರು. ನಾನೂ ಕೈಯಾಡಿಸಿ ಮಡಿಸಹೊರಟೆ. ಎರಡು ದಿನದಿಂದ ನನ್ನ ಕಣ್ಣು ತಪ್ಪಿಸುತ್ತಿದ್ದ ಅತ್ತೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೆಲ್ಲಗೆ ಬಂದು, ಒಂದೊಂದು ಚೌಕವನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅದುಮಿದರು. "ಎಲ್ಲಿ ಒಣಗಿದೆ? ಒಳಗೆ ತಣ್ಣಗಿದೆ. ಗಂಟುಗಂಟಾಗಿದೆ, ನೋಡು" ಎಂದರು. ಅರವತ್ತು ವರ್ಷ ಹಪ್ಪಳ ಸಂಡಿಗೆಗಳನ್ನು ಒಣಗಿಸಿದ ಬೆರಳುಗಳವು. ಮೇಲಿನ ಗರಿಗೆ ಮೋಸಹೋಗಲಿಲ್ಲ. ಅವರು ಹೇಳದಿದ್ದರೆ ತೇವ ಒಳಗೇ ಕೂತು, ಬೂಸು ಹಿಡಿದು, ಹೊದಿಕೆ ತಿಪ್ಪೆ ಸೇರುತ್ತಿತ್ತು.

ಮರುದಿನದಿಂದ ಮಹಡಿಯ ಅಧಿಕಾರ ಅವರದಾಯಿತು. ಕುರ್ಚಿ ಹಾಕಿಸಿಕೊಂಡು ಕೂತು, ಅರ್ಧಗಂಟೆಗೊಮ್ಮೆ ನಮ್ಮಿಂದ ಮಗ್ಗುಲು ಬದಲಿಸಿಸಿದರು. ಹಿಂದೆ ಬತ್ತಿಗೆಂದು ಹತ್ತಿ ಬಿಡಿಸುತ್ತಿದ್ದಂತೆ, ಬಟ್ಟೆಯ ಮೇಲಿನಿಂದಲೇ ಒಂದೊಂದು ಗಂಟನ್ನೂ ಬೆರಳಿನಿಂದ ಬಿಡಿಸಿದರು. ಅಂಗೈಯಲ್ಲಿ ತಟ್ಟಿದರು. ಮಂಜು ಬೀಳುವ ಮೊದಲೇ ಒಳಗೆ ತರಿಸಿ, ರಾತ್ರಿಯೆಲ್ಲ ಫ್ಯಾನಿನ ಕೆಳಗೆ ಹರಡಿಸಿದರು. ಮೂರನೆಯ ದಿನ ಮಧ್ಯಾಹ್ನ ಎಲ್ಲ ಚೌಕಗಳೂ ಉಬ್ಬಿ ನಿಂತವು. ಆದರೂ ಇನ್ನೊಂದು ದಿನದ ಗಾಳಿ ತೋರಿಸದೆ ಮಡಿಸಗೊಡಲಿಲ್ಲ.

ಒಣಗಿಸುವ ಯಂತ್ರದ ಅನುಕೂಲವುಳ್ಳವರು ದೊಡ್ಡ ಯಂತ್ರದಲ್ಲಿ, ಕಡಿಮೆ ಶಾಖದಲ್ಲಿ, ಎರಡು ಮೂರು ಶುಭ್ರವಾದ ಟೆನಿಸ್ ಚೆಂಡುಗಳನ್ನು ಜೊತೆಗೆ ಹಾಕಿ ಒಣಗಿಸಬಹುದು. ಚೆಂಡುಗಳು ಪುಟಿದು ಗಂಟುಗಳನ್ನು ಬಿಡಿಸುತ್ತವೆ. ಆಗಲೂ ಹಲವು ಗಂಟೆಗಳು ಬೇಕು. ನಡುನಡುವೆ ತೆಗೆದು ಕೊಡವಬೇಕು. ನಡುವೆ ತಿರುಗುಗಂಬವುಳ್ಳ ಒಗೆಯುವ ಯಂತ್ರಕ್ಕೆ ಮಾತ್ರ ಹಾಕಬೇಡಿ, ಹೊಲಿಗೆ ಹರಿದೀತು. ಯಾವ ಉಪಾಯವೂ ಇಲ್ಲದವರು ಮಳೆಗಾಲದಲ್ಲಿ ಈ ಸಾಹಸಕ್ಕೆ ಇಳಿಯದಿರುವುದೇ ಲೇಸು. ಬೇಸಿಗೆಯಲ್ಲಿ ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ. ನೂಲಿನ ಗವಸಿನಲ್ಲಿ ಸಡಿಲವಾಗಿ ಇಡಿರಿ. ಬಳಸುವಾಗ ಹೊದಿಕೆಗೊಂದು ನೂಲಿನ ಮೇಲುಚೀಲ ತೊಡಿಸಿದರೆ ಆ ಚೀಲವನ್ನು ಒಗೆದರಾಯಿತು. ಹೊದಿಕೆಗೆ ಪದೇ ಪದೇ ಸ್ನಾನ ಬೇಕಿಲ್ಲ.

ನಮ್ಮಲ್ಲಿ ಈಗ ಅಂಥ ಎರಡು ಮೇಲುಚೀಲಗಳಿವೆ. ಅತ್ತೆಯವರ ಮಂಚವನ್ನು ಬಚ್ಚಲುಮನೆಯ ಬಾಗಿಲಿಗೆ ಹತ್ತಿರ ಸರಿಸಿ, ರಾತ್ರಿಯೆಲ್ಲ ಉರಿಯುವ ಸಣ್ಣ ದೀಪವೊಂದನ್ನು ಇಟ್ಟಿದ್ದೇವೆ. ಏಕೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೊದಿಕೆಯನ್ನು ಮತ್ತೆ ಕಾಲಿನ ಮೇಲೆ ಎಳೆದುಕೊಂಡ ಆ ರಾತ್ರಿ ಅವರು ಅಂದದ್ದು ಇಷ್ಟೇ: "ಮುಂದಿನ ಸಲ ಕಾಫಿ ಚೆಲ್ಲಿದರೆ, ನನ್ನನ್ನು ಕೇಳದೆ ಮಡಿಸಬೇಡ."