ನಮ್ಮ ಮಾತು: ಗರುಡನ ಗೂಡಿನ ಹಾರುಮೀನು

ಕಳೆದ ತಿಂಗಳು ಸಂಘದ ಸಭಾಂಗಣದಲ್ಲಿ ಭಜನೆ ಮುಗಿದು ಕೋಸಂಬರಿ ಹಂಚುವ ಹೊತ್ತಿಗೆ ಬಳಗದ ತಾಯಿಯೊಬ್ಬರು ನಮ್ಮ ಪಕ್ಕಕ್ಕೆ ಬಂದು ಕುಳಿತರು.

"ರಾಯರೇ, ನೀವು ನಾಲ್ಕು ಅಕ್ಷರ ಬರೆಯುವವರು, ಒಂದು ಮಾತು ಹೇಳಿ. ನಮ್ಮ ಹುಡುಗಿ ನೌಕಾದಳಕ್ಕೆ ಅರ್ಜಿ ಹಾಕುತ್ತೇನೆಂದು ಹಟ ಹಿಡಿದಿದ್ದಾಳೆ. ಹಡಗಿನ ಕೆಲಸವೇ ಎಂದು ಕೇಳಿದರೆ ಅಲ್ಲವಂತೆ, ವಿಮಾನ ಹಾರಿಸುತ್ತಾಳಂತೆ! ನೀರಿನವರಿಗೆ ವಿಮಾನವೇಕೆ? ಅದನ್ನು ಕಲಿಸುವವರು ಯಾರು? ಇವಳ ಅಪ್ಪ ಹೂಂ ಎಂದುಬಿಟ್ಟಿದ್ದಾರೆ. ನನಗೆ ಮಾತ್ರ ರಾತ್ರಿ ನಿದ್ದೆಯಿಲ್ಲ" ಎಂದರು.

ಆಗ ನಮಗೆ ತಕ್ಕ ಉತ್ತರ ತೋಚಲಿಲ್ಲ. "ವಿಚಾರಿಸಿ ಹೇಳುತ್ತೇವೆ, ತಾಯೀ" ಎಂದು ಜಾರಿಕೊಂಡೆವು. ಕೊಟ್ಟ ಮಾತಿಗೆ ತಪ್ಪಬಾರದಲ್ಲ! ವಿಚಾರಿಸಿ ತಿಳಿದದ್ದನ್ನು ಅವರೊಬ್ಬರಿಗೇ ಹೇಳುವ ಬದಲು ವಾಚಕರೆಲ್ಲರ ಮುಂದಿಡುತ್ತಿದ್ದೇವೆ. ಇಂಥ ಅರ್ಜಿಗಳು ಇನ್ನೂ ಹಲವು ಮನೆಗಳ ಮೇಜಿನ ಮೇಲೆ ಇದ್ದಾವು.

ಮೊದಲು ನೀರಿನವರಿಗೆ ವಿಮಾನವೇಕೆ ಎಂಬುದನ್ನು ನೋಡೋಣ. ಭೂಮಿ ಗುಂಡಗಿದೆಯಷ್ಟೆ. ಹಡಗಿನಲ್ಲಿ ನೀರಿನಿಂದ 30 ಮೀಟರು ಎತ್ತರದಲ್ಲಿ ನಿಂತವನಿಗೆ ಸುಮಾರು 20 ಕಿಲೋಮೀಟರಿನಾಚೆ ಕಡಲು ಬಾಗಿ ಮರೆಯಾಗುತ್ತದೆ. ಅವನೇ 3,000 ಮೀಟರು ಮೇಲೇರಿದರೆ ಸುಮಾರು 195 ಕಿಲೋಮೀಟರಿನವರೆಗೂ ದಿಗಂತ ಹಿಂದೆ ಸರಿಯುತ್ತದೆ. ಹಡಗಿಗೆ ವಿಮಾನವೆಂದರೆ ಎತ್ತರದಲ್ಲಿಟ್ಟ ಕಣ್ಣು. ಕಣ್ಣಿಲ್ಲದ ಹಡಗು ಎಷ್ಟು ದೊಡ್ಡದಾದರೇನು?

ಸ್ವಾತಂತ್ರ್ಯ ಬಂದಾಗ ನಮ್ಮ ನೌಕಾದಳಕ್ಕೆ ಈ ಕಣ್ಣು ಇರಲಿಲ್ಲ. ಅದು ತೆರೆದದ್ದು 1953ರಲ್ಲಿ, ಕೊಚ್ಚಿಯಲ್ಲಿ. ಬಂದರಿನ ಹೂಳೆತ್ತಿದ ಮಣ್ಣಿನಿಂದ ಕಟ್ಟಿದ ವಿಲ್ಲಿಂಗ್ಡನ್ ದ್ವೀಪವನ್ನು ನಮ್ಮವರು ಹಲವರು ಬಲ್ಲರು. 1999ರಲ್ಲಿ ನೆಡುಂಬಾಶ್ಶೇರಿಯ ನಿಲ್ದಾಣ ತೆರೆಯುವ ತನಕ ಕೊಚ್ಚಿಗೆ ವಿಮಾನದಲ್ಲಿ ಹೋದವರು ಇಳಿಯುತ್ತಿದ್ದುದು ಅಲ್ಲಿಯೇ. ಆ ನೆಲದಲ್ಲಿ 1953ರ ಮೇ 11ರಂದು ನೌಕಾದಳದ ಮೊದಲ ವಿಮಾನ ನೆಲೆ ಆರಂಭವಾಯಿತು. ಅದಕ್ಕೆ ಗರುಡ ಎಂದು ಹೆಸರಿಟ್ಟರು.

ಮೊದಲ ವಿಮಾನಗಳು ಸೀಲ್ಯಾಂಡ್ ಎಂಬವು. ಬೆಲ್‌ಫಾಸ್ಟ್ ಪಟ್ಟಣದ ಶಾರ್ಟ್ ಕಂಪನಿ ಕಟ್ಟಿದ ಇವು ನೀರಿನ ಮೇಲೂ ಇಳಿಯುತ್ತಿದ್ದವು, ನೆಲದ ಮೇಲೂ ಇಳಿಯುತ್ತಿದ್ದವು. ಕಂಪನಿ ಕಟ್ಟಿದ್ದೇ ಒಟ್ಟು 25. ಅವುಗಳಲ್ಲಿ 10 ನಮ್ಮ ದೇಶಕ್ಕೆ ಬಂದವು. 1955ರಲ್ಲಿ ಫೈರ್‌ಫ್ಲೈ ವಿಮಾನಗಳು ಬಂದು ಸೇರಿದವು. ಇವುಗಳ ಕೆಲಸ ಸ್ವಾರಸ್ಯವಾದುದು. ಉದ್ದನೆಯ ತಂತಿಯ ತುದಿಗೆ ಗುರಿಯೊಂದನ್ನು ಕಟ್ಟಿಕೊಂಡು ಹಾರಬೇಕು. ಕೆಳಗಿನ ಹಡಗಿನವರು ಅದಕ್ಕೆ ಗುಂಡು ಹೊಡೆದು ಕೈ ಪಳಗಿಸಿಕೊಳ್ಳಬೇಕು. ಹೊಡೆಯುವವನು ಹೊಸಬನಾದರೆ ಮುಂದೆ ಕುಳಿತ ವೈಮಾನಿಕನ ಎದೆ ಹೇಗೆ ಬಡಿದುಕೊಳ್ಳುತ್ತಿದ್ದೀತು ಎಂಬುದನ್ನು ವಾಚಕರೇ ಊಹಿಸಬಹುದು.

ಈ ಘಟಕವೇ ಬೆಳೆದು 1959ರ ಜೂನ್ 17ರಂದು ವಿಧಿಪೂರ್ವಕವಾಗಿ ಒಂದು ಸ್ಕ್ವಾಡ್ರನ್ ಆಯಿತು. ಅದರ ಅಂಕ 550. ಅಡ್ಡಹೆಸರು ಹಾರುಮೀನು. ನೌಕಾದಳದ ವಿಮಾನ ಸ್ಕ್ವಾಡ್ರನ್‌ಗಳಲ್ಲೆಲ್ಲ ಇದೇ ಹಿರಿಯದು. ಅಂದು ಅದರ ಬಳಿ ಸೀಲ್ಯಾಂಡ್, ಫೈರ್‌ಫ್ಲೈಗಳ ಜೊತೆಗೆ ಎಚ್.ಟಿ.-2 ಎಂಬ ಮೂರನೆಯ ವಿಮಾನವೂ ಇತ್ತು.

ಈ ಎಚ್.ಟಿ.-2 ಎಂಬುದು ನಮ್ಮ ಬೆಂಗಳೂರಿನ ಕೂಸು! ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡು 1951ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹಾರಿತು. ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವ ಎರಡು ಪೀಠ, 155 ಕುದುರೆಶಕ್ತಿಯ ಸಣ್ಣ ಎಂಜಿನು, ಒಳಗೆ ಮಡಚಿಕೊಳ್ಳದ ಗಾಲಿಗಳು. ಆಡಂಬರವಿಲ್ಲದ ಯಂತ್ರ, ಹಳ್ಳಿಯ ಶಾಲೆಯ ಸ್ಲೇಟಿನಂತೆ. ಕಲಿಯುವ ಕೈಗೆ ಬೇಕಾದುದೂ ಅದೇ ತಾನೆ? ಹೊರನಾಡಿನಲ್ಲಿ ಬಾಳುವ ನಮಗೆ, ಕೊಚ್ಚಿಯ ಕಡಲಿನ ಮೇಲೆ ಬೆಂಗಳೂರಿನ ರೆಕ್ಕೆ ಹಾರಿತ್ತೆಂದರೆ ಏನೋ ಒಂದು ಸಂತೋಷ.

ಇನ್ನೊಂದು ಮಾತು ಗಮನಿಸತಕ್ಕದ್ದು. ವಿಕ್ರಾಂತ ಹಡಗು ಬೆಲ್‌ಫಾಸ್ಟಿನಲ್ಲೇ ಸಿದ್ಧವಾಗಿ ನೌಕಾದಳವನ್ನು ಸೇರಿದ್ದು 1961ರ ಮಾರ್ಚ್ 4ರಂದು. ಮುಂಬಯಿಯ ನಮ್ಮವರು ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ವಸ್ತುಸಂಗ್ರಹಾಲಯವಾಗಿ ಕಂಡಿದ್ದಾರೆ. 2014ರಲ್ಲಿ ಅದನ್ನು ಒಡೆಯತೊಡಗಿದಾಗ ನೊಂದೂ ಇದ್ದಾರೆ. ಆ ಹಡಗಿನ ಕೀರ್ತಿ ಎಲ್ಲರ ಬಾಯಲ್ಲಿದೆ. ಆದರೆ ಅದು ಬರುವುದಕ್ಕೆ ಎಂಟು ವರ್ಷ ಮೊದಲೇ ಕೊಚ್ಚಿಯಲ್ಲಿ ಕಲಿಕೆ ಆರಂಭವಾಗಿತ್ತು. ಗೆದ್ದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಿದ್ದಿದವನ ಹೆಸರು ಎಲ್ಲಿ ಬರುತ್ತದೆ?

ಕಲಿಸುವುದಾದರೂ ಏನನ್ನು? ನೆಲದ ಮೇಲೆ ಹಾರುವವನಿಗೆ ಹೊಳೆ, ರೈಲುದಾರಿ, ಗುಡ್ಡ, ಊರು ಎಂಬ ಗುರುತುಗಳಿವೆ. ಕಡಲಿನ ಮೇಲೆ ಯಾವ ಗುರುತೂ ಇಲ್ಲ. ಗಂಟೆಗೆ 30 ಕಿಲೋಮೀಟರಿನ ಅಡ್ಡಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಗಂಟೆ ಹಾರಿದರೆ ವಿಮಾನ 30 ಕಿಲೋಮೀಟರು ಪಕ್ಕಕ್ಕೆ ಸರಿದಿರುತ್ತದೆ. ಕಿಟಕಿಯಲ್ಲಿ ನೋಡಿದರೆ ಮಾತ್ರ ಅದೇ ನೀರು, ಅದೇ ಆಕಾಶ. ಆದ್ದರಿಂದ ದಿಕ್ಕು, ವೇಗ, ಗಾಳಿ, ಕಾಲ ಈ ನಾಲ್ಕನ್ನೂ ಕೂಡಿಸಿ ಕಳೆದು ನಾವು ಎಲ್ಲಿದ್ದೇವೆ ಎಂದು ಹೇಳುವ ವಿದ್ಯೆ ಬೇಕು. ಇಂದು ಉಪಗ್ರಹಗಳು ದಾರಿ ಹೇಳುತ್ತವೆ, ನಿಜ. ಯಂತ್ರ ಮೌನವಾದ ದಿನ ಲೆಕ್ಕ ಬಲ್ಲವನೇ ಮನೆ ಸೇರುವವನು. ನೌಕಾದಳದಲ್ಲಿ ಈ ಲೆಕ್ಕ ನೋಡುವ, ರೇಡಾರಿನ ಮುಂದೆ ಕುಳಿತು ಕಡಲನ್ನು ಹುಡುಕುವ ಅಧಿಕಾರಿಗೆ ಅಬ್ಸರ್ವರ್ ಎಂದು ಹೆಸರು.

ಕಾಲ ಕಳೆದಂತೆ ಸ್ಕ್ವಾಡ್ರನ್ನಿನ ವಿಮಾನಗಳು ಬದಲಾದವು. 1976ರಲ್ಲಿ ಐಲ್ಯಾಂಡರ್ ಬಂತು; ಆಮೇಲೆ ಕಾನ್ಪುರದಲ್ಲಿ ಕಟ್ಟಿದ ಡಾರ್ನಿಯರ್ ಬಂತು. 2019ರ ಜೂನಿನಲ್ಲಿ 60 ವರ್ಷ ತುಂಬುವ ಹೊತ್ತಿಗೆ ಅದು 14 ಬಗೆಯ ವಿಮಾನಗಳನ್ನು ಹಾರಿಸಿತ್ತು.

ಇನ್ನು ತಾಯಿಯ ಪ್ರಶ್ನೆಗೆ ನೇರವಾಗಿ ಬರೋಣ. 2009ರಲ್ಲೇ ಇಬ್ಬರು ಹೆಣ್ಣುಮಕ್ಕಳು ಕೊಚ್ಚಿಯಲ್ಲಿ ಅಬ್ಸರ್ವರ್ ಪದಕ ಧರಿಸಿದರು. 2019ರ ಡಿಸೆಂಬರ್ 2ರಂದು ಬಿಹಾರದ ಮುಜಫ್ಫರ್‌ಪುರದ ಶಿವಾಂಗಿ ನೌಕಾದಳದ ಮೊದಲ ಮಹಿಳಾ ಪೈಲಟ್ ಆದರು. ದೆಹಲಿಯ ದಿವ್ಯಾ ಶರ್ಮಾ, ಉತ್ತರಪ್ರದೇಶದ ಶುಭಾಂಗಿ ಸ್ವರೂಪ್ ಅವರೊಡನೆ ಆಕೆ ಡಾರ್ನಿಯರ್ ವಿಮಾನದ ಪೂರ್ಣ ತರಬೇತು ಮುಗಿಸಿದ್ದು 2020ರ ಅಕ್ಟೋಬರ್ 22ರಂದು. ಒಂದು ತಿಂಗಳು ನೆಲದ ಪಾಠ, ಎಂಟು ತಿಂಗಳು ಹಾರಾಟ. ಹಾರಾಟ ಕಲಿಸಿದ್ದು ಇದೇ 550.

ಅಪಾಯವಿಲ್ಲವೆಂದು ಹೇಳಿ ನಾವು ಯಾರನ್ನೂ ನಂಬಿಸಲಾರೆವು. 2015ರ ಮಾರ್ಚ್ 24ರ ರಾತ್ರಿ ಬೇರೊಂದು ಸ್ಕ್ವಾಡ್ರನ್ನಿನ ಡಾರ್ನಿಯರ್, ತರಬೇತು ಹಾರಾಟದಲ್ಲಿದ್ದಾಗ, ಗೋವೆಯಾಚೆ ಸಮುದ್ರಕ್ಕೆ ಬಿತ್ತು. ಮಡಿದ ಇಬ್ಬರಲ್ಲಿ ಲೆಫ್ಟಿನೆಂಟ್ ಕಿರಣ್ ಶೆಖಾವತ್ ಎಂಬ ಅಬ್ಸರ್ವರ್ ಒಬ್ಬರು. ಕರ್ತವ್ಯದಲ್ಲಿರುವಾಗ ಪ್ರಾಣ ತೆತ್ತ ನೌಕಾದಳದ ಮೊದಲ ಮಹಿಳಾ ಅಧಿಕಾರಿ. ಆ ಮೂವರು ಕೊಚ್ಚಿಯಲ್ಲಿ ತೇರ್ಗಡೆಯಾಗುವುದಕ್ಕೆ 18 ದಿನ ಮುಂಚೆ ಅಲ್ಲಿಯೇ ನೌಕಾದಳದ ಗ್ಲೈಡರೊಂದು ಬಿದ್ದು ಇಬ್ಬರು ತೀರಿಕೊಂಡಿದ್ದರು. ಆ ಸುದ್ದಿ ಕೇಳಿದ ಮೇಲೂ ಅವರು ಹಾರಿದರು. ಅವರ ಮನೆಗಳಲ್ಲೂ ತಾಯಂದಿರು ಇದ್ದಿರಬೇಕಲ್ಲವೆ?

ಗರುಡನ ಕಥೆ ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿದ್ದೇ. ವಿನತೆಗೆ ಎರಡು ಮೊಟ್ಟೆಗಳು. ಸವತಿಯ ಮಕ್ಕಳು ಮೊದಲೇ ಹುಟ್ಟಿದರೆಂದು ತಾಳಲಾರದೆ ಒಂದನ್ನು ಒಡೆದಳು; ಅರ್ಧ ಮೈ ಮಾತ್ರ ಬೆಳೆದಿದ್ದ ಅರುಣ ಹೊರಬಂದ. ಇನ್ನೊಂದಕ್ಕೆ ಐನೂರು ವರ್ಷ ಕಾದಳು, ಗರುಡ ಬಂದ. ರೆಕ್ಕೆ ಬಲಿಯುವ ಮುನ್ನ ಮೊಟ್ಟೆ ಒಡೆಯಬಾರದು. ಬಲಿತ ಮೇಲೆ ಗೂಡಿನಲ್ಲಿ ಕಟ್ಟಿಯೂ ಹಾಕಬಾರದು. ಕೊಚ್ಚಿಯ ಆ ನೆಲೆಗೆ ಈ ಹೆಸರು ಇಟ್ಟವರು ಏನನ್ನು ನೆನೆದು ಇಟ್ಟರೋ, ನಮಗಂತೂ ಅದು ತಕ್ಕುದಾಗಿ ಕಾಣುತ್ತದೆ. ಅಲ್ಲಿ ನಡೆಯುವುದೆಲ್ಲ ಕಾಯುವ ಕೆಲಸ, ಬಲಿಯಿಸುವ ಕೆಲಸ.

ತಾಯೀ, ನೀವೂ ಒಂದು ಕಾಲಕ್ಕೆ ಊರು ಬಿಟ್ಟು, ಭಾಷೆ ಬಾರದ ಪಟ್ಟಣಕ್ಕೆ ಟ್ರಂಕು ಹಿಡಿದು ಬಂದವರೇ. ಅಂದು ಊರಿನಲ್ಲಿ ನಿಮ್ಮ ಅಮ್ಮನಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಮಗಳ ಅರ್ಜಿಯ ವಿಚಾರದಲ್ಲಿ ಹೂಂ ಎನ್ನುವುದು, ಬಿಡುವುದು ನಿಮಗೆ ಸೇರಿದ್ದು. ನಾವು ಅದರಲ್ಲಿ ಬಾಯಿ ಹಾಕುವುದಿಲ್ಲ. ಮುಂದಿನ ಭಜನೆಗೆ ಆ ಹುಡುಗಿಯನ್ನೂ ಕರೆತನ್ನಿ. ಅಡ್ಡಗಾಳಿಯ ಲೆಕ್ಕವೊಂದನ್ನು ಬಿಡಿಸಲು ಕೊಟ್ಟು ನೋಡೋಣ. ತಪ್ಪಿಲ್ಲದೆ ಬಿಡಿಸಿದಳೆಂದರೆ ಅವತ್ತಿನ ಕೋಸಂಬರಿಯಲ್ಲಿ ನಮ್ಮ ಪಾಲೂ ಅವಳಿಗೇ.